ಆರನೇ ವರ್ಷಕ್ಕೆ ಸದ್ದಿಲ್ಲದೆ ಬರುವ ಹಲ್ಲು

ಮಗುವಿಗೆ 6 ವರ್ಷ ತುಂಬುವ ಹೊತ್ತಿಗೆ ಮನೆಯವರ ಕಣ್ಣೆಲ್ಲ ಅದರ ಮುಂದಿನ ಹಲ್ಲುಗಳ ಮೇಲಿರುತ್ತದೆ. ಯಾವುದು ಅಲ್ಲಾಡುತ್ತಿದೆ, ಯಾವತ್ತು ಬೀಳುತ್ತದೆ, ಬಿದ್ದ ಜಾಗದಲ್ಲಿ ಹೊಸದು ಇಣುಕಿತಾ ಅಂತ ದಿನಾ ನೋಡುತ್ತೇವೆ. ಅದೇ ಹೊತ್ತಿಗೆ ಬಾಯಿಯ ಹಿಂಭಾಗದಲ್ಲಿ, ಕೊನೆಯ ಹಾಲು ಹಲ್ಲಿನ ಆಚೆ, ದೊಡ್ಡದೊಂದು ದವಡೆ ಹಲ್ಲು ವಸಡು ಸೀಳಿಕೊಂಡು ಮೇಲೆ ಬರುತ್ತಿರುತ್ತದೆ. ಅದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬಿದ್ದಿರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಅಕಸ್ಮಾತ್ ಕಂಡರೂ, ಇನ್ನೂ ಚಿಕ್ಕ ಮಗು, ಇದೂ ಹಾಲು ಹಲ್ಲೇ ಇರಬೇಕು ಅಂದುಕೊಂಡು ಸುಮ್ಮನಾಗುತ್ತೇವೆ.

ಅದು ಹಾಲು ಹಲ್ಲಲ್ಲ. ಬದುಕಿಡೀ ಅಗಿಯಬೇಕಾದ ಶಾಶ್ವತ ಹಲ್ಲು. ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು ಬರುತ್ತವೆ. ಪೂರ್ತಿ ಮೇಲೆ ಬರಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಬಹುದು. ಅಲ್ಲಿಯವರೆಗೆ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲೇ ಇರುತ್ತದೆ. ಮಗು ಎಷ್ಟೇ ಚೆನ್ನಾಗಿ ಉಜ್ಜಿದರೂ ಬ್ರಶ್ ಅದರ ಮೇಲಿಂದ ಹಾದು ಹೋಗುತ್ತದೆ, ತಾಗುವುದಿಲ್ಲ. ಅದರ ನೆತ್ತಿಯ ಮೇಲೆ ಆಳವಾದ ಗೀರುಗಳಿರುತ್ತವೆ, ಬ್ರಶ್ಶಿನ ಎಳೆ ಒಳಗೆ ಹೋಗದಷ್ಟು ಇಕ್ಕಟ್ಟು. ಅಂದರೆ ಅತಿ ಮುಖ್ಯವಾದ ಹಲ್ಲು, ಅತಿ ಕಷ್ಟದ ಜಾಗದಲ್ಲಿ, ಯಾರೂ ನೋಡದ ಹೊತ್ತಿನಲ್ಲಿ ಬರುತ್ತದೆ. ಮಗುವಿಗೆ 8 ವರ್ಷವಾದಾಗ ಡೆಂಟಿಸ್ಟ್ ಬಳಿ ಹೋಗಿ, ಶಾಶ್ವತ ಹಲ್ಲು ಹುಳುಕಾಗಿದೆ ಅಂತ ಕೇಳಿ, ಅದು ಯಾವಾಗ ಬಂತು ಅಂತ ಗಾಬರಿಯಾಗುವವರು ಇದಕ್ಕೇ ಅಷ್ಟು ಜನ.

ಮಕ್ಕಳ ಹಲ್ಲಿನ ವಿಷಯದಲ್ಲಿ ಉದ್ದಕ್ಕೂ ಇದೇ ನಡೆಯುತ್ತದೆ. ನಾವು ನೋಡುವುದು ತಡವಾಗಿ, ನೋಡುವ ಜಾಗವೂ ತಪ್ಪು. ಆಮೇಲೆ ಬೈಗುಳ ಮಾತ್ರ ಮಗುವಿಗೆ: ನೀನು ಸರಿಯಾಗಿ ಬ್ರಶ್ ಮಾಡಲ್ಲ, ಚಾಕೊಲೇಟ್ ತಿಂತೀಯ. ಹುಳುಕು ಶುರುವಾದದ್ದು ಬಹಳ ಸಲ ಆ ಮಗುವಿಗೆ ಬ್ರಶ್ ಹಿಡಿಯಲೂ ಬರದ ವಯಸ್ಸಿನಲ್ಲಿ, ಮಾತೂ ಬರದ ವಯಸ್ಸಿನಲ್ಲಿ. ಅದಕ್ಕೆ ಮಗು ಹೇಗೆ ಹೊಣೆಯಾಗುತ್ತದೆ ಹೇಳಿ?

ಇದು ಕೆಲವೇ ಮನೆಗಳ ತೊಂದರೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಬಾಯಿ ಆರೋಗ್ಯದ ವರದಿಯ ಪ್ರಕಾರ, ಜಗತ್ತಿನಲ್ಲಿ 51 ಕೋಟಿಗೂ ಜಾಸ್ತಿ ಮಕ್ಕಳ ಹಾಲು ಹಲ್ಲು ಹುಳುಕಾಗಿದೆ. ಮಕ್ಕಳನ್ನು ದೀರ್ಘಕಾಲ ಕಾಡುವ ಕಾಯಿಲೆಗಳಲ್ಲಿ ಇಷ್ಟು ಸಾಮಾನ್ಯವಾದದ್ದು ಬೇರೆ ಸಿಗುವುದು ಕಷ್ಟ. ಇಂಗ್ಲೆಂಡ್‌ನಂಥ ಶ್ರೀಮಂತ ದೇಶದಲ್ಲೂ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆ ಸೇರಲು ಹಲವು ವರ್ಷಗಳಿಂದ ಮೊದಲ ಕಾರಣ ಹಲ್ಲಿನ ಹುಳುಕು. ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಹಲವು ಹಲ್ಲು ಕೀಳುತ್ತಾರೆ.

ಹಾಲು ಹಲ್ಲು ತಾನೇ, ಹೇಗೂ ಬೀಳುತ್ತೆ ಬಿಡಿ ಅನ್ನುವ ಮಾತಿಗೆ ಬರೋಣ. ಮುಂದಿನ ಹಲ್ಲು 6–7 ವರ್ಷಕ್ಕೆ ಬೀಳುತ್ತದೆ, ನಿಜ. ಹಿಂದಿನ ದವಡೆ ಹಾಲು ಹಲ್ಲು ಬೀಳುವುದು 10ರಿಂದ 12 ವರ್ಷಕ್ಕೆ. ಮೂರು ವರ್ಷದ ಮಗುವಿನ ದವಡೆ ಹಲ್ಲು ಕೆಟ್ಟರೆ, ಅದು ಇನ್ನೂ ಏಳೆಂಟು ವರ್ಷ ಆ ಹಲ್ಲಿನಲ್ಲೇ ಅಗಿಯಬೇಕು. ಹಾಲು ಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಪದರ, ದೊಡ್ಡವರ ಹಲ್ಲಿನದಕ್ಕಿಂತ ಸುಮಾರು ಅರ್ಧದಷ್ಟು ತೆಳು, ಒಳಗಿನ ನರದ ಕೋಣೆ ಮಾತ್ರ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ಹುಳುಕು ಸಣ್ಣ ಚುಕ್ಕೆಯಿಂದ ನರದವರೆಗೆ ಹೋಗಲು ದೊಡ್ಡವರಲ್ಲಿ ಹಿಡಿಯುವಷ್ಟು ಕಾಲ ಹಿಡಿಯುವುದಿಲ್ಲ. ನರ ತಲುಪಿದರೆ ಕೀವು. ಆ ಕೀವು ಇರುವ ಬೇರಿನ ಕೆಳಗೇ ಮುಂದೆ ಬರಬೇಕಾದ ಶಾಶ್ವತ ಹಲ್ಲು ರೂಪುಗೊಳ್ಳುತ್ತಿರುತ್ತದೆ, ಕೆಲವೊಮ್ಮೆ ಅದರ ಮೇಲ್ಮೈಯೂ ಕೆಟ್ಟು ಕಂದು ಕಲೆಯೊಂದಿಗೆ ಹೊರಗೆ ಬರುತ್ತದೆ. ಹಾಲು ಹಲ್ಲನ್ನು ಅವಧಿಗೆ ಮುಂಚೆ ಕಿತ್ತರೆ ಇನ್ನೊಂದು ತೊಂದರೆ: ಹಿಂದಿನಿಂದ ಬಂದ ಆರು ವರ್ಷದ ದವಡೆ ಹಲ್ಲು ಖಾಲಿ ಜಾಗಕ್ಕೆ ಮುಂದೆ ವಾಲುತ್ತದೆ, ಆ ಜಾಗಕ್ಕೆ ಬರಬೇಕಾದ ಹಲ್ಲಿಗೆ ದಾರಿಯೇ ಇರುವುದಿಲ್ಲ. ಹದಿಹರೆಯದಲ್ಲಿ ಕ್ಲಿಪ್ ಹಾಕಿಸಿಕೊಳ್ಳುವ ಕೆಲವು ಮಕ್ಕಳ ಕತೆ ಶುರುವಾಗುವುದು ಇಲ್ಲೇ.

ನೋವಿನ ಮಾತು ಬೇರೆಯೇ ಇದೆ. ಎರಡು ವರ್ಷದ ಮಗು ಹಲ್ಲು ನೋಯುತ್ತಿದೆ ಅಂತ ಹೇಳುವುದಿಲ್ಲ. ಅದು ಒಂದೇ ಕಡೆ ಅಗಿಯುತ್ತದೆ, ಗಟ್ಟಿ ತಿನಿಸನ್ನು ಬಾಯಲ್ಲೇ ಇಟ್ಟುಕೊಂಡು ಕೂರುತ್ತದೆ, ರಾತ್ರಿ ಎದ್ದೆದ್ದು ಅಳುತ್ತದೆ, ತೂಕ ಏರುವುದಿಲ್ಲ. ನಾವು ಹಟಮಾರಿ, ಊಟ ಮಾಡಲ್ಲ ಅನ್ನುತ್ತೇವೆ. ಕೆಟ್ಟ ಹಲ್ಲಿಗೆ ಚಿಕಿತ್ಸೆ ಮಾಡಿಸಿದ ವಾರದಲ್ಲೇ ಮಗು ನೆಟ್ಟಗೆ ನಿದ್ದೆ ಮಾಡಿ, ತಾನಾಗಿ ಊಟ ಕೇಳಿದಾಗ ಅಪ್ಪ ಅಮ್ಮನಿಗೆ ಎದೆ ಚುಚ್ಚಿದಂತಾಗುತ್ತದೆ, ಇಷ್ಟು ದಿನ ನೋವಿಗೆ ಹೀಗಾಡುತ್ತಿತ್ತಾ ಅಂತ.

2007ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 12 ವರ್ಷದ ಹುಡುಗನೊಬ್ಬ ಹಲ್ಲಿನ ಕೀವು ಮಿದುಳಿಗೆ ಹರಡಿ ತೀರಿಕೊಂಡ. ಎರಡು ಸಲ ಮಿದುಳಿನ ಆಪರೇಷನ್ ಮಾಡಿದರೂ ಉಳಿಯಲಿಲ್ಲ. ಬಡವರ ಮನೆಯ ಹುಡುಗ, ಸರ್ಕಾರಿ ವಿಮೆಯ ಅವಧಿ ಮುಗಿದಿತ್ತು. ಸಮಯಕ್ಕೆ ಒಂದು ಹಲ್ಲು ಕಿತ್ತಿದ್ದರೆ ಸಾಕಿತ್ತು. ಆ ಸಾವಿನ ನಂತರ ಎದ್ದ ಗದ್ದಲದಿಂದಾಗಿ 2009ರಲ್ಲಿ ಅಲ್ಲಿನ ಮಕ್ಕಳ ವಿಮಾ ಯೋಜನೆಯಲ್ಲಿ ಹಲ್ಲಿನ ಚಿಕಿತ್ಸೆ ಕಡ್ಡಾಯವಾಯಿತು. ಇಂಥ ಸಾವು ಬಹಳ ಅಪರೂಪ. ಆದರೂ ಬರೆದೆ, ಯಾಕಂದರೆ ಹಲ್ಲು ದೇಹದಿಂದ ಹೊರಗಿರುವ ವಸ್ತುವೇನೋ ಎಂಬಂತೆ ನಾವು ನಡೆದುಕೊಳ್ಳುತ್ತೇವೆ.

ಈಗ ಹುಳುಕು ಹೇಗೆ ಆಗುತ್ತದೆ ಅನ್ನುವುದಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ಇದು ಅರ್ಥವಾದರೆ ಉಳಿದ ಸಲಹೆಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹುಳುಕು ಅನ್ನುವ ನಮ್ಮ ಮಾತಿನಲ್ಲೇ ಹುಳ ಕೂತಿದೆ. ಹಲ್ಲನ್ನು ಹುಳ ತಿಂದಿದೆ ಅಂತ ಈಗಲೂ ಹೇಳುತ್ತೇವೆ. ಜಗತ್ತಿನ ಎಷ್ಟೋ ಕಡೆ ಸಾವಿರಾರು ವರ್ಷ ಜನ ಹೀಗೇ ನಂಬಿದ್ದರು. 1728ರಲ್ಲಿ ಫ್ರಾನ್ಸ್‌ನ ಪಿಯರ್ ಫೋಶಾರ್ ಎಂಬ ದಂತವೈದ್ಯ, ಕೆಟ್ಟ ಹಲ್ಲುಗಳಲ್ಲಿ ನಾನು ಯಾವ ಹುಳವನ್ನೂ ಕಾಣಲಿಲ್ಲ, ಸಕ್ಕರೆ ಹಲ್ಲಿಗೆ ಕೆಡುಕು ಅಂತ ಬರೆದ. 1890ರಲ್ಲಿ, ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಲೋಬಿ ಮಿಲ್ಲರ್, ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ ಪಿಷ್ಟಗಳನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಅನ್ನುವುದನ್ನು ಮುಂದಿಟ್ಟ. ಒಟ್ಟು ಚಿತ್ರ ಇವತ್ತಿಗೂ ಅದೇ.

ಎಲ್ಲಕ್ಕಿಂತ ಉಪಯೋಗದ ಮಾತು ಹೊರಬಂದದ್ದು 1940ರ ದಶಕದಲ್ಲಿ, ರಾಬರ್ಟ್ ಸ್ಟೀಫನ್ ಎಂಬ ಸಂಶೋಧಕನಿಂದ. ಆತ ಹಲ್ಲಿನ ಮೇಲಿನ ಲೋಳೆಪದರದ ಆಮ್ಲೀಯತೆಯನ್ನು ನಿಮಿಷ ನಿಮಿಷಕ್ಕೆ ಅಳೆದ. ಸಕ್ಕರೆ ನೀರು ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ, ಅದು ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಧಡಕ್ಕನೆ ಇಳಿಯುತ್ತದೆ. ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಶುರು. ಆಮೇಲೆ ಜೊಲ್ಲು ನಿಧಾನವಾಗಿ ಆಮ್ಲವನ್ನು ತೊಳೆದು, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ತಂದು ಹಲ್ಲಿಗೆ ವಾಪಸ್ ಕೊಡುತ್ತದೆ. ಈ ಚೇತರಿಕೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಲೆಕ್ಕ ಹಾಕಿ ನೋಡಿ. ಒಂದು ಮಗು ಊಟವಾದ ಕೂಡಲೇ ಹತ್ತು ಚಾಕೊಲೇಟ್ ತಿಂದು ಮುಗಿಸಿತು. ಇನ್ನೊಂದು ಮಗು ಅದೇ ಹತ್ತು ಚಾಕೊಲೇಟನ್ನು ಬೆಳಗಿನಿಂದ ಸಂಜೆಯವರೆಗೆ ಒಂದೊಂದಾಗಿ ತಿಂದಿತು. ಸಕ್ಕರೆ ಇಬ್ಬರಿಗೂ ಸಮ. ಆದರೆ ಮೊದಲ ಮಗುವಿನ ಹಲ್ಲು ಒಂದು ಗಂಟೆ ಆಮ್ಲದಲ್ಲಿ ನೆನೆಯಿತು, ಎರಡನೆಯದರದ್ದು ಹೆಚ್ಚು ಕಡಿಮೆ ಇಡೀ ದಿನ. ಚೇತರಿಸಿಕೊಳ್ಳಲು ಅದಕ್ಕೆ ಬಿಡುವೇ ಸಿಗಲಿಲ್ಲ. ಹಲ್ಲು ದಿನಾಲೂ ಸ್ವಲ್ಪ ಕರಗುತ್ತದೆ, ಸ್ವಲ್ಪ ಕೂಡಿಕೊಳ್ಳುತ್ತದೆ. ಕರಗುವ ಹೊತ್ತು ಕೂಡಿಕೊಳ್ಳುವ ಹೊತ್ತಿಗಿಂತ ಜಾಸ್ತಿಯಾದರೆ ಹುಳುಕು. ಹಾಗಾಗಿ ಎಷ್ಟು ಸಿಹಿ ತಿಂದೆ ಅನ್ನುವುದರ ಜೊತೆಗೆ ದಿನಕ್ಕೆ ಎಷ್ಟು ಸಲ ತಿಂದೆ ಅಂತಲೂ ಕೇಳಬೇಕು.

ಇದನ್ನು ಮನುಷ್ಯರ ಮೇಲೆ ಪರೀಕ್ಷಿಸಿ ನೋಡಿದ ಒಂದು ಪ್ರಯೋಗವೂ ನಡೆದಿದೆ, ಅದು ನೆನೆಸಿಕೊಂಡರೆ ಸಂಕಟವಾಗುವಂಥದ್ದು. 1940ರ ದಶಕದ ಕೊನೆಯಲ್ಲಿ ಸ್ವೀಡನ್‌ನ ಲುಂಡ್ ಪಟ್ಟಣದ ವಿಪೆಹೋಮ್ ಎಂಬ ಸಂಸ್ಥೆಯಲ್ಲಿ, ಬುದ್ಧಿಮಾಂದ್ಯತೆ ಇದ್ದ ಜನರಿಗೆ ಅವರ ಒಪ್ಪಿಗೆ ಇಲ್ಲದೆ, ಹಲ್ಲಿಗೆ ಅಂಟುವ ಮಿಠಾಯಿಯನ್ನು ದಿನಕ್ಕೆ ಹಲವು ಸಲ ತಿನ್ನಿಸಿದರು. ಎಷ್ಟೋ ಜನರ ಹಲ್ಲು ಸರ್ವನಾಶವಾಯಿತು. 1954ರಲ್ಲಿ ಫಲಿತಾಂಶ ಪ್ರಕಟವಾಯಿತು: ಊಟದ ಜೊತೆ ತಿಂದ ಸಕ್ಕರೆಗಿಂತ ಊಟಗಳ ನಡುವೆ ತಿಂದ ಅಂಟು ಸಿಹಿ ಹೆಚ್ಚು ಹಾನಿ ಮಾಡುತ್ತದೆ. ಇವತ್ತು ಯಾವ ಮಗುವಿನ ಪೋಷಕರಿಗಾದರೂ ಊಟದ ನಡುವೆ ಸಿಹಿ ಕೊಡಬೇಡಿ ಅಂತ ಹೇಳುವ ಸಲಹೆಯ ಹಿಂದೆ ಆ ಜನರ ನೋವಿದೆ. ಅದು ಅನ್ಯಾಯ. ಅದನ್ನು ಹೇಳದೆ ಈ ತಿಳಿವಳಿಕೆಯನ್ನಷ್ಟೇ ಬಳಸಿಕೊಳ್ಳುವುದು ನನಗೆ ಸರಿ ಅನ್ನಿಸುವುದಿಲ್ಲ.

ಸಿಹಿ ಅಂದರೆ ಚಾಕೊಲೇಟ್ ಮಾತ್ರ ಅಂದುಕೊಳ್ಳುವುದೂ ತಪ್ಪು. ಹಣ್ಣಿನ ರಸದಲ್ಲಿ ಸಕ್ಕರೆಯೂ ಇದೆ, ಆಮ್ಲವೂ ಇದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ, ಒಂದು ವರ್ಷದೊಳಗಿನ ಮಗುವಿಗೆ ಹಣ್ಣಿನ ರಸ ಕೊಡಲೇಬೇಡಿ ಅಂತ ಹೇಳಿತು. ಹಣ್ಣನ್ನು ಹಣ್ಣಾಗಿಯೇ ತಿಂದರೆ ಆ ಮಾತಿಲ್ಲ. ಬಿಸ್ಕತ್ತು ದವಡೆ ಹಲ್ಲಿನ ಗೀರುಗಳಲ್ಲಿ ಮೆತ್ತಿಕೊಂಡು ಕೂರುತ್ತದೆ. ಕೆಮ್ಮು, ಜ್ವರದ ಸಿರಪ್ಪುಗಳಲ್ಲಿ ಬಹಳಷ್ಟು ಸಿಹಿಯವೇ. ಪದೇ ಪದೇ ಔಷಧಿ ಬೇಕಾಗುವ ಮಗುವಾದರೆ ಸಕ್ಕರೆ ಇಲ್ಲದ್ದು ಇದೆಯಾ ಅಂತ ಡಾಕ್ಟರನ್ನು ಕೇಳಿ, ಇಲ್ಲದಿದ್ದರೆ ಕುಡಿಸಿದ ಮೇಲೆ ನೀರು ಕುಡಿಸಿ. ಸೇರಿಸಿದ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ. 10ರ ಒಳಗಿರಬೇಕು, ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಆ ಎರಡನೇ ಮಾತಿಗೆ ಹಲ್ಲಿನ ಹುಳುಕೇ ಮುಖ್ಯ ಕಾರಣ.

ಇನ್ನು ರಾತ್ರಿ. ನನ್ನ ಪ್ರಕಾರ ಚಿಕ್ಕ ಮಕ್ಕಳ ಹಲ್ಲಿನ ಕತೆಯಲ್ಲಿ ಅರ್ಧ ಭಾಗ ನಡೆಯುವುದು ರಾತ್ರಿಯಲ್ಲೇ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತುಂಬಾ ಕಡಿಮೆಯಾಗುತ್ತದೆ, ಅಂದರೆ ತೊಳೆಯುವ ಕೆಲಸ ನಿಂತಂತೆ. ಬಾಟಲಿಯ ನಿಪ್ಪಲ್ ಬಾಯಲ್ಲಿಟ್ಟುಕೊಂಡೇ ಮಲಗಿದ ಮಗುವಿನ ಮೇಲಿನ ಮುಂದಿನ ಹಲ್ಲುಗಳ ಸುತ್ತ ಹಾಲು ನಿಂತಿರುತ್ತದೆ. ಅದಕ್ಕೆ ಸಕ್ಕರೆ ಬೆರೆಸಿದ್ದರಂತೂ ಕೇಳುವುದೇ ಬೇಡ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಜೊಲ್ಲಿನ ಗ್ರಂಥಿಯೂ ಹತ್ತಿರ ಇರುತ್ತದೆ, ಹಾಗಾಗಿ ಅವು ಉಳಿದುಕೊಳ್ಳುತ್ತವೆ. ಮೇಲಿನ ನಾಲ್ಕು ಹಲ್ಲು ಕಂದಾಗಿ ಸವೆದು ಕೆಳಗಿನವು ಬೆಳ್ಳಗೆ ಇದ್ದರೆ, ರಾತ್ರಿ ಏನಾದರೂ ಕುಡಿಯುತ್ತಾ ಮಲಗುತ್ತದಾ ಅಂತ ಡೆಂಟಿಸ್ಟ್ ಕೇಳುವುದು ಇದಕ್ಕೇ.

ಎದೆಹಾಲಿನ ಬಗ್ಗೆ ಇಲ್ಲಿ ತಾಯಂದಿರಿಗೆ ಅನಗತ್ಯ ಭಯ ಹುಟ್ಟಿಸುವವರಿದ್ದಾರೆ, ಅದು ಬೇಡ. ಮೊದಲ ವರ್ಷ ಎದೆಹಾಲು ಕುಡಿದ ಮಕ್ಕಳಿಗೆ ಹುಳುಕಿನ ಅಪಾಯ ಕಡಿಮೆಯೇ. ಒಂದು ವರ್ಷ ದಾಟಿ, ಹಲ್ಲುಗಳು ಬಂದ ಮೇಲೆ, ರಾತ್ರಿಯಿಡೀ ಪದೇ ಪದೇ ಕುಡಿಯುತ್ತಿದ್ದು, ಹಲ್ಲು ಉಜ್ಜದೆ ಇದ್ದಾಗ ಅಪಾಯ ಏರುತ್ತದೆ. ಹಾಲು ಬಿಡಿಸುವ ಆತುರ ಬೇಕಿಲ್ಲ, ಮಲಗುವ ಮುಂಚೆ ಉಜ್ಜುವುದನ್ನು ಬಿಡಬಾರದು. ಬಾಟಲಿಯಾದರೆ ಒಂದು ವರ್ಷದ ಸುಮಾರಿಗೆ ಲೋಟಕ್ಕೆ ಬದಲಾಯಿಸಿ, ಹಾಸಿಗೆಗೆ ನೀರಲ್ಲದೆ ಬೇರೇನೂ ಬೇಡ. ಹೇಳಲು ಸುಲಭ, ಮೂರು ರಾತ್ರಿ ಅಳು ಗ್ಯಾರಂಟಿ ಅಂತ ನನಗೂ ಗೊತ್ತು. ಹಾಲಿಗೆ ದಿನಾ ಸ್ವಲ್ಪ ಸ್ವಲ್ಪ ನೀರು ಹೆಚ್ಚಿಸುತ್ತಾ ಹೋಗಿ ಕೊನೆಗೆ ಬರೀ ನೀರಿಗೆ ತಂದವರ ಅನುಭವ ಚೆನ್ನಾಗಿದೆ.

ಬ್ರಶ್ ವಿಷಯಕ್ಕೆ ಬಂದರೆ ನನ್ನ ಪ್ರಶ್ನೆ ಒಂದೇ: ಬ್ರಶ್ ಯಾರ ಕೈಯಲ್ಲಿದೆ? ನಾಲ್ಕು ವರ್ಷದ ಮಗು ಕನ್ನಡಿ ಮುಂದೆ ನಿಂತು ತಾನೇ ಉಜ್ಜಿಕೊಳ್ಳುವುದನ್ನು ನೋಡಿ ಖುಷಿಪಡುತ್ತೇವೆ. ಉಜ್ಜಲಿ, ರೂಢಿಯಾಗಲಿ. ಆದರೆ ಅದರ ಕೈಗೆ ದವಡೆಯ ಹಿಂದಿನ ಮೂಲೆ ತಲುಪುವ ಹಿಡಿತ ಇನ್ನೂ ಬಂದಿಲ್ಲ. ತಾನಾಗಿ ಶೂ ಲೇಸ್ ಕಟ್ಟಲು, ಅಂದವಾಗಿ ಬರೆಯಲು ಬರುವವರೆಗೆ, ಅಂದರೆ ಸುಮಾರು 7–8 ವರ್ಷದವರೆಗೆ, ದೊಡ್ಡವರೇ ಉಜ್ಜಬೇಕು. ಮಗು ಉಜ್ಜಿದ ಮೇಲೆ ಇನ್ನೊಮ್ಮೆ ನಾವು. ದಿನಕ್ಕೆ ಎರಡು ಸಲ, ಒಂದನ್ನು ಬಿಡಲೇಬೇಕಾದ ದಿನ ಬೆಳಗ್ಗಿನದನ್ನು ಬಿಡಿ, ರಾತ್ರಿಯದನ್ನು ಬೇಡ. ಮುಂದೆ ನಿಂತು ಉಜ್ಜಿದರೆ ಏನೂ ಕಾಣುವುದಿಲ್ಲ. ಮಗುವಿನ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ತಲೆಯ ಹಿಂದಿನಿಂದ ಬಾಯೊಳಗೆ ನೋಡುತ್ತಾ ಉಜ್ಜಿ ನೋಡಿ, ಎಲ್ಲವೂ ಕಾಣುತ್ತದೆ. ಹಲ್ಲು ಹಲ್ಲು ಅಂಟಿಕೊಂಡಿರುವ ಕಡೆ ಹಲ್ಲಿನ ದಾರವನ್ನೂ (ಫ್ಲಾಸ್) ಆಡಿಸಬೇಕು, ದವಡೆ ಹಾಲು ಹಲ್ಲುಗಳ ನಡುವೆ ಹುಟ್ಟುವ ಹುಳುಕಿಗೆ ಬ್ರಶ್ ತಲುಪುವುದೇ ಇಲ್ಲ.

ಪೇಸ್ಟ್ ಕೊಳ್ಳುವಾಗ ಮೇಲಿನ ಕಾರ್ಟೂನನ್ನು ಬಿಟ್ಟು ಹಿಂದಿನ ಸಣ್ಣಕ್ಷರ ಓದಿ. ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಅಂತ ಬರೆದಿರುತ್ತದೆ. ಹುಳುಕು ತಡೆಯಲು ಕನಿಷ್ಠ 1000 ಪಿಪಿಎಂ ಬೇಕು. ಮಕ್ಕಳ ಪೇಸ್ಟ್ ಅಂತ ಮಾರುವ ಕೆಲವದರಲ್ಲಿ 500 ಇರುತ್ತದೆ, ಕೆಲವದರಲ್ಲಿ ಏನೂ ಇರುವುದಿಲ್ಲ, ಬರೀ ರುಚಿ. ಮಗು ನುಂಗುತ್ತದೆ ಅನ್ನುವ ಭಯಕ್ಕೆ ಪ್ರಮಾಣ ಕಡಿಮೆ ಮಾಡಬೇಕೇ ಹೊರತು ಫ್ಲೋರೈಡನ್ನಲ್ಲ: ಮೊದಲ ಹಲ್ಲು ಬಂದಾಗಿನಿಂದ ಮೂರು ವರ್ಷದವರೆಗೆ ಒಂದು ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಅಕ್ಕಿ ಕಾಳಿನಷ್ಟು ಪೇಸ್ಟ್ ಅಂದರೆ ಸುಮಾರು 0.1 ಗ್ರಾಂ, ಅದರಲ್ಲಿ ಫ್ಲೋರೈಡ್ 0.1 ಮಿಲಿಗ್ರಾಂ. ಪೂರ್ತಿ ನುಂಗಿದರೂ ಗಾಬರಿ ಬೀಳುವ ಪ್ರಮಾಣ ಅಲ್ಲ. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಅಲೆಯಂತೆ ಪೇಸ್ಟ್ ಹಾಕಿ ತೋರಿಸುತ್ತಾರಲ್ಲ, ಅದನ್ನು ನೋಡಿ ಕಲಿಯಬಾರದು. ಉಜ್ಜಿದ ಮೇಲೆ ಉಗಿದರೆ ಸಾಕು. ನೀರು ಹಾಕಿ ಹತ್ತು ಸಲ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೂ ತೊಳೆದು ಹೋಗುತ್ತದೆ.

ಫ್ಲೋರೈಡ್ ಅಂದ ಕೂಡಲೇ ಈಗ ಜಗಳ ಶುರುವಾಗುತ್ತದೆ. ಮೆಸೇಜುಗಳಲ್ಲಿ ವಿಷ, ಬುದ್ಧಿ ಕುಂದುತ್ತದೆ ಅಂತೆಲ್ಲ ಓಡಾಡುತ್ತಿದೆ. ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ, ಬಿಡಿಸಿ ನೋಡಬೇಕು. 1901ರಲ್ಲಿ ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ, ಅಲ್ಲಿನವರ ಹಲ್ಲಿನ ಮೇಲೆ ಕಂದು ಕಲೆಗಳನ್ನು ಕಂಡ, ಆಮೇಲೆ ಆ ಹಲ್ಲುಗಳು ಹುಳುಕಾಗುವುದೂ ಕಡಿಮೆ ಅನ್ನುವುದನ್ನು ಗಮನಿಸಿದ. ಅದಕ್ಕೆ ಕಾರಣ ನೀರಿನಲ್ಲಿದ್ದ ಫ್ಲೋರೈಡ್ ಅಂತ 1931ರಲ್ಲಿ ಗೊತ್ತಾಯಿತು. ಕಲೆ ಬೀಳದಷ್ಟು ಕಡಿಮೆ, ಹುಳುಕು ತಡೆಯುವಷ್ಟು ಜಾಸ್ತಿ ಎಷ್ಟು ಅಂತ ಹುಡುಕಿ, 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್ ನಗರ ಮೊದಲ ಬಾರಿಗೆ ಕುಡಿಯುವ ನೀರಿಗೆ ಫ್ಲೋರೈಡ್ ಸೇರಿಸಿತು.

ಈಗಿನ ವಾದ ಈ ನೀರಿನ ಬಗ್ಗೆ. 2024ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದ ವರದಿ, ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಐಕ್ಯೂ ಕಡಿಮೆ ಇರುವುದಕ್ಕೂ ನಂಟಿದೆ ಅಂದಿತು. ಅಲ್ಲಿ ನೀರಿಗೆ ಸೇರಿಸುವುದು 0.7, ಅಂದರೆ ಅದರ ಅರ್ಧಕ್ಕಿಂತ ಕಡಿಮೆ. ಅಷ್ಟು ಪ್ರಮಾಣದಲ್ಲಿ ಹಾನಿ ಇದೆ ಅಂತ ಆ ವರದಿ ತೀರ್ಮಾನಿಸಿಲ್ಲ. ಅದೇ ವರ್ಷ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ಪರಿಶೀಲನೆಯೊಂದು, ಎಲ್ಲರ ಮನೆಗೂ ಫ್ಲೋರೈಡ್ ಪೇಸ್ಟ್ ಬಂದ ಮೇಲೆ ನೀರಿಗೆ ಸೇರಿಸುವುದರಿಂದ ಸಿಗುವ ಲಾಭ ಮೊದಲಿನಷ್ಟು ದೊಡ್ಡದಲ್ಲ ಅಂತ ಹೇಳಿತು. 2025ರಲ್ಲಿ ಅಮೆರಿಕದ ಯೂಟಾ ರಾಜ್ಯ ನೀರಿಗೆ ಫ್ಲೋರೈಡ್ ಸೇರಿಸುವುದನ್ನೇ ನಿಷೇಧಿಸಿತು. ಅದೇ ವರ್ಷ ಕೆನಡಾದ ಕ್ಯಾಲ್ಗರಿ ನಗರ, 2011ರಲ್ಲಿ ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಿತು. ನಿಲ್ಲಿಸಿದ ಏಳೆಂಟು ವರ್ಷಗಳ ನಂತರ ಎರಡನೇ ತರಗತಿಯ ಮಕ್ಕಳನ್ನು ಪರೀಕ್ಷಿಸಿದಾಗ ಅಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ಹುಳುಕು, ನಿಲ್ಲಿಸದ ಎಡ್ಮಂಟನ್ ನಗರದಲ್ಲಿ ಸುಮಾರು 55.

ನೀರಿನ ಮಾತು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಅಂತರ್ಜಲದಲ್ಲೇ ಫ್ಲೋರೈಡ್ ವಿಪರೀತ ಇರುವ ಕಡೆ ಅದನ್ನು ತೆಗೆಯುವುದೇ ಮುಖ್ಯ ಕೆಲಸ, ಇಲ್ಲವಾದರೆ ಹಲ್ಲು ಮಾತ್ರ ಅಲ್ಲ, ಮೂಳೆಯೂ ಕೆಡುತ್ತದೆ. ಆ ವಾದ ನಡೆಯಲಿ, ನಡೆಯಬೇಕು. ಆದರೆ ಪೇಸ್ಟನ್ನು ನುಂಗಲು ಕೊಡುವುದಿಲ್ಲ, ಅದು ಹಲ್ಲಿನ ಮೇಲ್ಮೈಯಲ್ಲೇ ಕೆಲಸ ಮಾಡುತ್ತದೆ. ಕರಗಿದ ಎನಾಮೆಲ್ ಮತ್ತೆ ಕೂಡಿಕೊಳ್ಳುವಾಗ ಫ್ಲೋರೈಡ್ ಅಲ್ಲೇ ಇದ್ದರೆ ಹೊಸ ಪದರ ಮೊದಲಿಗಿಂತ ಗಟ್ಟಿಯಾಗುತ್ತದೆ, ಮುಂದಿನ ಸಲ ಕರಗಲು ಇನ್ನೂ ಜಾಸ್ತಿ ಆಮ್ಲ ಬೇಕು. ನೀರಿನ ಜಗಳ ಕೇಳಿ ಮಗುವಿನ ಪೇಸ್ಟನ್ನೇ ಬದಲಾಯಿಸಿದ ಪೋಷಕರನ್ನು ನೋಡಿದರೆ ನನಗೆ ನಿಜವಾಗಿ ಬೇಸರವಾಗುತ್ತದೆ, ಒಳ್ಳೆಯದು ಮಾಡಬೇಕು ಅಂತಲೇ ಹೊರಟು ಮಗುವಿಗೆ ಇದ್ದ ಒಂದು ಕಾವಲನ್ನೂ ತೆಗೆದುಬಿಡುತ್ತಾರಲ್ಲ ಅಂತ.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲ ಭಾರವನ್ನೂ ಅಪ್ಪ ಅಮ್ಮನ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಎರಡು ಪಾಳಿ ದುಡಿದು ಬರುವ ತಾಯಿಗೆ ರಾತ್ರಿ ಹತ್ತಕ್ಕೆ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಹಲ್ಲುಜ್ಜು ಅನ್ನುವುದು ಸುಲಭ. ಹುಳುಕು ಎಲ್ಲ ಕಡೆ ಬಡವರ ಮಕ್ಕಳಲ್ಲೇ ಜಾಸ್ತಿ, ಅದಕ್ಕೆ ಕಾರಣ ಪ್ರೀತಿ ಕಡಿಮೆ ಅಂತ ಅಲ್ಲ. ಸ್ಕಾಟ್ಲೆಂಡ್ ಮಾಡಿದ್ದು ಇಲ್ಲಿ ನೆನಪಿಡಬೇಕಾದದ್ದು. ಅಲ್ಲಿನ ಚೈಲ್ಡ್‌ಸ್ಮೈಲ್ ಯೋಜನೆಯಲ್ಲಿ ಶಿಶುವಿಹಾರದಲ್ಲೇ ಮಕ್ಕಳೆಲ್ಲ ದಿನಕ್ಕೊಮ್ಮೆ ದೊಡ್ಡವರ ಎದುರಿಗೆ ಫ್ಲೋರೈಡ್ ಪೇಸ್ಟಿನಿಂದ ಉಜ್ಜುತ್ತಾರೆ, ಮನೆಗೂ ಬ್ರಶ್ ಪೇಸ್ಟ್ ಕೊಡುತ್ತಾರೆ, ಹೆಚ್ಚು ಅಪಾಯ ಇರುವ ಮಕ್ಕಳ ಹಲ್ಲಿಗೆ ಫ್ಲೋರೈಡ್ ವಾರ್ನಿಶ್ (ಫ್ಲೋರೈಡ್ ಇರುವ ಅಂಟು ಲೇಪ) ಬಳಿಯುತ್ತಾರೆ. 2003ರಲ್ಲಿ ಅಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ನೂರಕ್ಕೆ 45 ಮಕ್ಕಳ ಹಲ್ಲಷ್ಟೇ ಕಣ್ಣಿಗೆ ಕಾಣುವ ಹುಳುಕಿಲ್ಲದೆ ಇತ್ತು. 2020ರ ಹೊತ್ತಿಗೆ ಅದು 70 ದಾಟಿತ್ತು. ದೊಡ್ಡ ಯಂತ್ರ ಇಲ್ಲ, ಹೊಸ ಔಷಧ ಇಲ್ಲ. ದಿನಾ ಒಂದು ಹೊತ್ತು, ಒಬ್ಬರು ದೊಡ್ಡವರು, ಒಂದು ಬ್ರಶ್.

ಬ್ರಿಟನ್ 2018ರ ಏಪ್ರಿಲ್‌ನಲ್ಲಿ ಸಕ್ಕರೆ ಪಾನೀಯಗಳ ಮೇಲೆ ತೆರಿಗೆ ಹಾಕಿತು. ಕಂಪನಿಗಳು ತೆರಿಗೆ ತಪ್ಪಿಸಲು ಪಾನೀಯದ ಸಕ್ಕರೆಯನ್ನೇ ಇಳಿಸಿದವು. ಹುಳುಕು ಹಲ್ಲು ಕೀಳಿಸಿಕೊಳ್ಳಲು ಇಂಗ್ಲೆಂಡ್‌ನ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ತೆರಿಗೆ ಇಲ್ಲದಿದ್ದರೆ ಇರಬಹುದಾಗಿದ್ದಕ್ಕಿಂತ ಸುಮಾರು ಶೇ. 12ರಷ್ಟು ಇಳಿಯಿತು ಅಂತ 2023ರ ಅಧ್ಯಯನವೊಂದು ಅಂದಾಜು ಮಾಡಿತು. ಮನೆಯಲ್ಲಿ ಎಷ್ಟು ಬುದ್ಧಿ ಹೇಳಿದರೂ ಆಗದ ಕೆಲಸ ಕೆಲವೊಮ್ಮೆ ಕಾನೂನಿನ ಒಂದು ಸಾಲಿನಿಂದ ಆಗುತ್ತದೆ.

ಚಿಕಿತ್ಸೆಯೂ ಬದಲಾಗಿದೆ, ಇದು ಬಹಳ ಪೋಷಕರಿಗೆ ಇನ್ನೂ ತಲುಪಿಲ್ಲ. ಹುಳುಕು ಅಂದರೆ ಸೂಜಿ, ಕೊರೆಯುವ ಮೆಷಿನ್ನಿನ ಸದ್ದು, ನಾಲ್ಕು ಜನ ಹಿಡಿದುಕೊಳ್ಳುವುದು ಅನ್ನುವ ಭಯದಲ್ಲಿ ಎಷ್ಟೋ ಜನ ಮುಂದೂಡುತ್ತಾರೆ. ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿನ ಮೇಲೆ ಹಚ್ಚಿದರೆ ಎಷ್ಟೋ ಸಲ ಅದು ಅಲ್ಲಿಗೇ ನಿಲ್ಲುತ್ತದೆ. ಒಂದು ನಿಮಿಷದ ಕೆಲಸ, ನೋವಿಲ್ಲ. ಹುಳುಕಾದ ಜಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ, ಅದನ್ನು ಮೊದಲೇ ತಿಳಿದುಕೊಂಡು ಒಪ್ಪಬೇಕು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು, ಫ್ಲೋರೈಡ್ ಪೇಸ್ಟನ್ನೂ ಸೇರಿಸಿತು. ಸ್ಕಾಟ್ಲೆಂಡ್‌ನ ದಂತವೈದ್ಯೆ ನಾರ್ನಾ ಹಾಲ್ ರೂಢಿಸಿಕೊಂಡ ವಿಧಾನ ಇನ್ನೂ ಸರಳ: ಕೆಟ್ಟ ದವಡೆ ಹಾಲು ಹಲ್ಲನ್ನು ಕೊರೆಯದೆ, ಸೂಜಿ ಚುಚ್ಚದೆ, ಮೇಲೆ ಲೋಹದ ಕ್ಯಾಪ್ ಕೂರಿಸಿಬಿಡುವುದು. ಒಳಗಿನ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಗುವುದು ನಿಂತರೆ ಹುಳುಕೂ ನಿಲ್ಲುತ್ತದೆ. ಮೊದಮೊದಲು ವೈದ್ಯರೇ ನಂಬಲಿಲ್ಲ. 2006ರಲ್ಲಿ ಫಲಿತಾಂಶ ಪ್ರಕಟವಾದ ಮೇಲೆ ಇದನ್ನು ಪರೀಕ್ಷಿಸಿ ಹಲವು ದೇಶಗಳು ಒಪ್ಪಿಕೊಂಡವು. ಈ ದಾರಿಗಳೆಲ್ಲ ಇರುವುದು ನರಕ್ಕೆ ಸೋಂಕು ತಗಲುವ ಮುಂಚೆ ಬಂದ ಮಗುವಿಗೆ. ಅದಕ್ಕೇ ಒಂದು ವರ್ಷ ತುಂಬುವುದರೊಳಗೆ ಮೊದಲ ಸಲ ತೋರಿಸಿ ಅನ್ನುವುದು. ನೋವಿಲ್ಲದಾಗ ಒಮ್ಮೆ ಹೋಗಿ ಆ ಕುರ್ಚಿಯಲ್ಲಿ ಕೂತು ಬಂದ ಮಗುವಿಗೆ ಮುಂದೆ ಭಯವೂ ಕಡಿಮೆ. ಗಲಾಟೆ ಮಾಡಿದರೆ ಹಲ್ಲು ಕೀಳಿಸ್ತೀನಿ ಅಂತ ಮನೆಯಲ್ಲಿ ಹೆದರಿಸುವುದನ್ನು ಇವತ್ತೇ ಬಿಡಿ, ದಯವಿಟ್ಟು.

ತಿಂಗಳಿಗೊಮ್ಮೆ ಒಳ್ಳೆ ಬೆಳಕಿನಲ್ಲಿ ಮಗುವಿನ ಮೇಲ್ತುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಸೀಮೆಸುಣ್ಣದ ಬಿಳಿಯ ಗೆರೆ ಕಂಡರೆ ಹಲ್ಲು ಕರಗಲು ಶುರುವಾಗಿದೆ, ಆದರೆ ತೂತು ಬಿದ್ದಿಲ್ಲ. ರಾತ್ರಿಯ ಬಾಟಲಿ ಬಿಡಿಸಿ, ಎರಡು ಹೊತ್ತು ಫ್ಲೋರೈಡ್ ಪೇಸ್ಟಿನಿಂದ ಉಜ್ಜಿ, ವಾರ್ನಿಶ್ ಹಾಕಿಸಿದರೆ ಇಲ್ಲಿಂದ ವಾಪಸ್ ಬರಬಹುದು. ಕಂದು ಅಥವಾ ಕುಳಿ ಕಂಡರೆ ನೋವಿಗಾಗಿ ಕಾಯದೆ ತೋರಿಸಿ. ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಇದ್ದರೆ ಒಳಗೆ ಕೀವಿದೆ, ಮಗು ನೋವು ಅನ್ನದಿದ್ದರೂ. ಕೆನ್ನೆ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಗುವಿಗೆ ಐದೂವರೆ ದಾಟಿದ್ದರೆ ತುಟಿಯ ಜೊತೆಗೆ ಕೆನ್ನೆಯನ್ನೂ ಸರಿಸಿ ಹಿಂದೆ ಟಾರ್ಚ್ ಬಿಡಿ. ಕೊನೆಯ ಹಾಲು ಹಲ್ಲಿನ ಆಚೆ ವಸಡು ಉಬ್ಬಿದೆಯಾ, ಬಿಳಿಯ ಮೂಲೆಯೊಂದು ಇಣುಕುತ್ತಿದೆಯಾ ನೋಡಿ. ಬಂದಿದ್ದರೆ ಬ್ರಶ್ಶನ್ನು ಉದ್ದಕ್ಕೆ ಎಳೆಯದೆ, ಕೆನ್ನೆಯ ಕಡೆಯಿಂದ ಅಡ್ಡಕ್ಕೆ ಒಳಗಿಟ್ಟು, ಆ ಒಂದು ಹಲ್ಲನ್ನೇ ಬೇರೆಯಾಗಿ ಉಜ್ಜಿ. ಪೂರ್ತಿ ಮೇಲೆ ಬಂದ ಕೂಡಲೇ ಅದರ ಗೀರುಗಳಿಗೆ ಸೀಲೆಂಟ್ (ಗೀರು ಮುಚ್ಚುವ ತೆಳು ಲೇಪ) ತುಂಬಿಸಬಹುದಾ ಅಂತ ಡೆಂಟಿಸ್ಟನ್ನು ಕೇಳಿ. ಕೊರೆಯುವುದೂ ಇಲ್ಲ, ನೋವೂ ಇಲ್ಲ, ಕೆಲವು ನಿಮಿಷದ ಕೆಲಸ. ಬೇರೆ ಮೂರು ಮೂಲೆಗಳಲ್ಲೂ ನೋಡಿ, ನಾಲ್ಕೂ ಒಂದೇ ದಿನ ಬರುವುದಿಲ್ಲ.